ಹಿಂದಿನಿಂದ ಬರುವ ನೀರು

ಅಂಕೋಲೆಯ ಶಾಲೆಯೊಂದರಲ್ಲಿ ಬೇಸಿಗೆ ರಜೆಯ ಹತ್ತು ದಿನ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಆಟ ಕಟ್ಟುವುದನ್ನು ಕಲಿಸಿದರು. ಮೊಮ್ಮಗಳನ್ನು ಮಂಜಗುಣಿಯಿಂದ ಬಸ್ಸಿನಲ್ಲಿ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಹೊಳೆಗಿಳಿದು ಮಾರಲು ಬೆಳಚಿನ ಚಿಪ್ಪು ತೆಗೆಯುವುದನ್ನು ಸೊಂಟನೋವು ಬಿಡಿಸಿತ್ತು. ಬೇರೆ ಕೆಲಸವಿರಲಿಲ್ಲ, ಹೋದೆ.

ಅವಳು ಕಟ್ಟಿದ್ದೂ ಬೆಳಚಿನ ಆಟವೇ. ಹೊಳೆಬಾಯಿಯ ಮರಳದಿಬ್ಬ, ಬುಟ್ಟಿ ಹಿಡಿದ ಹೆಂಗಸು, ಮರಳು ಕೆದಕಿದರೆ ಚಿಪ್ಪು. ಎಂಟನೆಯ ದಿನ ಬಸ್ಸಿನಲ್ಲಿ ಮುಖ ಊದಿಸಿ ಕುಳಿತಳು.

“ಎಂತಾಯ್ತೆ?”

“ನನ್ನ ಆಟದಲ್ಲಿ ಯಾರೂ ಸೋಲೂದೇ ಇಲ್ವಂತೆ ಅಜ್ಜಿ. ಸರಿ ಮಾಡದಿದ್ರೆ ಕಡೇ ದಿನ ತೋರ್ಸೂಕೆ ಬಿಡೂದಿಲ್ಲ ಅಂದ್ರು ಸರ್.”

“ನೀರು ಎಲ್ಲಿಂದ ಬತ್ತದೆ?”

“ಮುಂದಿಂದ, ಸಮುದ್ರದ ಬದಿಯಿಂದ. ಕಂಡಕೂಡ್ಲೆ ಎಲ್ಲಾ ಓಡ್ತಾರೆ.”

“ಮಳ್ಳಿ. ಹೊಳೆಬಾಯಲ್ಲಿ ಇದ್ದೂ ಅಷ್ಟು ಗೊತ್ತಿಲ್ವನೆ?”

ಸಮುದ್ರ ಉಕ್ಕಿ ಭರತ ಬರುವಾಗ ನೀರು ಮೊದಲು ತುಂಬುವುದು ದಿಬ್ಬದ ಹಿಂದಿನ ತಗ್ಗನ್ನು. ಬಗ್ಗಿ ಕೆದಕುವವಳ ಕಣ್ಣು ಸಮುದ್ರದ ಮೇಲೆ. ತಿರುಗುವಷ್ಟರಲ್ಲಿ ದಡಕ್ಕೆ ದಾರಿ ಇರುವುದಿಲ್ಲ. ನಾನೂ ಒಮ್ಮೆ ಹಾಗೆ ಸಿಕ್ಕಿಬಿದ್ದು, ಬುಟ್ಟಿ ಬಿಟ್ಟು ಎದೆಮಟ್ಟದ ನೀರಿನಲ್ಲಿ ಬಂದವಳು. ಎಲ್ಲ ಹೇಳಿದೆ. ಬಸ್ಸು ಕುಲುಕುತ್ತಿದ್ದರೂ ಬರೆಯುವ ಪಟ್ಟಿಯಲ್ಲಿ ಗೀಚಿಕೊಂಡಳು.

ಆಟದ ಹೆಂಗಸು ತಿರುಗಿದರೆ ಮಾತ್ರ ಹಿಂದಿನ ನೀರು ಕಾಣುವಂತೆ ಮಾಡಿದಳು. ಸರ್ ನೋಡಿ, ತೋರಿಸಲು ಒಪ್ಪಿದರು. ಕಡೆಯ ದಿನ ಆಟ ಆಡಿದ ಮಕ್ಕಳೆಲ್ಲ ಮುಳುಗಿದರು. ಕಲಿಸಲು ಕಾರವಾರದಿಂದ ಬಂದಿದ್ದ ಆ ಸರ್ ಎರಡು ಸಲ ಮುಳುಗಿದರು.

“ನೀರು ಯಾವಾಗ ಬಂತೆ ಮಾರಾಯ್ತಿ?” ಎಂದರು.

“ನಮ್ಮಜ್ಜಿ ಆಡ್ಲಿ,” ಎಂದು ಇವಳು ನನ್ನನ್ನು ಎಳೆದು ಕೂರಿಸಿದಳು. ಯಾವ ಗುಂಡಿ ಒತ್ತಬೇಕೆಂದು ಅವಳೇ ತೋರಿಸಿದಳು. ಅರ್ಧ ಬುಟ್ಟಿ ತುಂಬಿದ್ದೇ ತಿರುಗಿ ನೋಡಿದೆ, ತಗ್ಗಿನಲ್ಲಿ ನೀರು ಏರುತ್ತಿತ್ತು, ದಡಕ್ಕೆ ಬಂದೆ. ‘ಬುಟ್ಟಿ ತುಂಬಲಿಲ್ಲ, ಸೋತಿರಿ’ ಎಂದು ಪರದೆಯ ಮೇಲೆ ಬಂತು. ಅಕ್ಷರ ಕೂಡಿಸಿ ಓದಿದೆ.

“ಜೀವ ಉಳ್ಸ್ಕಂಡು ಬಂದೋಳಿಗೆ ಸೋತೆ ಅಂತದಲ್ಲೆ ನಿನ್ನ ಪೆಟ್ಟಿಗೆ. ಅರ್ಧ ಬುಟ್ಟೀಲೇ ನಿನ್ನಪ್ಪನ್ನ ಸಾಕಿದ್ದೆ ನಾನು.”

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನನ್ನನ್ನು ಬದಿಗೆ ಸರಿಸಿ ಟಕಟಕ ಒತ್ತಿ ಏನೋ ಬದಲಿಸಿದಳು.

“ಈಗ ಆಡು.”

ಮತ್ತೆ ಅರ್ಧ ಬುಟ್ಟಿಗೇ ಬಂದೆ. ‘ಮನೆ ಮುಟ್ಟಿದಿರಿ, ಗೆದ್ದಿರಿ’ ಎಂದಿತು.

ಬಸ್ಸಿಗೆ ಹೊತ್ತಾಗಿತ್ತು. ಹುಡುಗಿ ಏಳಲಿಲ್ಲ, ಆಡುವವರು ಇನ್ನೂ ಸಾಲುಗಟ್ಟಿದ್ದರು. ನಾನೂ ಅವಸರ ಮಾಡಲಿಲ್ಲ. ಸರ್ ಮೂರನೆಯ ಸಲ ಕುಳಿತಿದ್ದರು. ಈ ಸಲ ನಾಲ್ಕು ಚಿಪ್ಪಿಗೊಮ್ಮೆ ತಿರುಗಿ ನೋಡುತ್ತಿದ್ದರು.