ಮೂರನೆಯ ಟಾಮ್‌ನ ಶ್ರುತಿ

ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಬಾರಿಸುವುದು ಟಾಮ್ಸ್. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತ ನಾಲ್ಕು ಡ್ರಮ್ಮು, ಎರಡೆರಡಕ್ಕೆ ಒಂದೊಂದು ಸ್ಟ್ಯಾಂಡು. ಮಾಮೂಲಿ ಡ್ರಮ್ಮಿಗೆ ಮೇಲೊಂದು ಕೆಳಗೊಂದು ಹೆಡ್ ಇರುತ್ತದೆ, ಅಂದರೆ ಬಿಗಿದು ಕೂರಿಸಿದ ಪ್ಲಾಸ್ಟಿಕ್ ಹಾಳೆ. ಇವಕ್ಕೆ ಮೇಲೆ ಮಾತ್ರ. ತಳ ಬೋಳು, ಬಗ್ಗಿ ನೋಡಿದರೆ ಒಳಗಿನ ಮರ ಕಾಣುತ್ತದೆ. ಹಾಸನದಲ್ಲಿ ಒಂದು ಬ್ಯಾಂಡ್ ಸೆಟ್ಟಿನವರು ಕಸುಬು ಬಿಟ್ಟಾಗ ನಮ್ಮ ಬಾವ ಕೊಂಡು ತಂದದ್ದು. ತಳವಿಲ್ಲದ್ದರಿಂದ ಇವುಗಳ ದನಿ ನೇರ, ಒರಟು, ಮುಚ್ಚುಮರೆಯಿಲ್ಲದ್ದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ.

ಹಗಲು ನಾನು ಹೊಳೆನರಸೀಪುರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಬಸ್ ಸ್ಟ್ಯಾಂಡಿನ ಹತ್ತಿರ ಪುಟ್ಟದೊಂದು ಅಂಗಡಿ. ಆರ್ಕೆಸ್ಟ್ರಾ ಇರುವುದು ಮದುವೆ ರಿಸೆಪ್ಷನ್ನು, ನಿವೃತ್ತಿಯ ಸನ್ಮಾನ, ಗಣೇಶನನ್ನು ಕೂರಿಸಿದವರ ರಸಮಂಜರಿ ಇಂಥವಕ್ಕೆ. ಅಕ್ಕ ಹಾಡುತ್ತಾಳೆ, ಅವಳ ಗಂಡ, ಅಂದರೆ ಬಾವ, ಕೀಬೋರ್ಡು. ಗಂಡು ದನಿಗೊಬ್ಬರು, ತಬಲಾಕ್ಕೊಬ್ಬರು ಬಂದು ಸೇರುತ್ತಾರೆ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಕೋಲು ಎತ್ತಿದರೆ ಮುಂದಿನ ಸಾಲಿನ ಹೆಂಗಸರು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಾರೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಆಮೇಲೆ ಅವರಲ್ಲೇ ಕೆಲವರು ಬ್ಲೌಸ್ ಹೊಲಿಸಲು ಬರತೊಡಗಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಮೊಬೈಲಿನಲ್ಲಿ ಆಪ್ ಹಾಕಿಕೊಂಡು ಡ್ರಮ್ಮಿನ ಶ್ರುತಿ ಮಾಡುವವರಿದ್ದಾರೆ. ನಮ್ಮ ಪದ್ಧತಿ ಬೇರೆ. ಕಾರ್ಯಕ್ರಮಕ್ಕೆ ಮುಂಚೆ ಅಕ್ಕ ಬಂದು ಮೂರನೆಯ ಟಾಮ್‌ನ ಪಕ್ಕ ನಿಲ್ಲುತ್ತಿದ್ದಳು. ಬಾಯಿ ಮುಚ್ಚಿಕೊಂಡೇ ತನ್ನ ಷಡ್ಜ ಹಿಡಿಯುತ್ತಿದ್ದಳು, ಹಾಡಿಗೆಲ್ಲ ಬುಡವಾದ 'ಸ'. ನಾನು ಸುತ್ತಲಿನ ಸ್ಕ್ರೂಗಳನ್ನು ಡ್ರಮ್ಮಿನ ಕೀಲಿಯಿಂದ ಎದುರುಬದುರಾಗಿ ಒಂದೊಂದೇ ತಿರುಗಿಸುತ್ತ, ಡ್ರಮ್ಮಿನ ದನಿ ಅವಳ ದನಿಯ ಕೆಳಗೆ ಹೋಗಿ ಕೂರುವವರೆಗೆ ಬಿಗಿಯುತ್ತಿದ್ದೆ. ಮೂರನೆಯದು ಕೂತರೆ ಮಿಕ್ಕ ಮೂರನ್ನು ಅದರ ಅಳತೆಗೆ ತರುವುದು ಕಷ್ಟವಲ್ಲ. ಅಕ್ಕ ತನ್ನ ಹಾಡುಗಳನ್ನೆಲ್ಲ ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿ ಹಾಡುವವಳಾದ್ದರಿಂದ ಇದು ನಡೆಯುತ್ತಿತ್ತು. ಟಾಮ್ಸ್‌ಗೆ ಯಾರಾದರೂ ಷಡ್ಜ ಹಿಡಿಯುತ್ತಾರಾ ಎಂದು ಬೇರೆ ಟೀಮಿನವರು ನಕ್ಕಿದ್ದೂ ಉಂಟು. ನಗಲಿ ಬಿಡಿ, ಅವರ ಡ್ರಮ್ಮು ಕೇಳಿದಾಗ ನಾವೂ ನಕ್ಕಿದ್ದೇವೆ.

ಈಚೆಗೆ ಅಕ್ಕನಿಗೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಯಿತು. ಹಾಸನದ ಆಸ್ಪತ್ರೆಯಲ್ಲಿ ಎಲ್ಲ ಸರಿಯಾಗಿಯೇ ಮಾಡಿದರು. ದನಿ ಬರುತ್ತದೆ, ಆತುರ ಬೇಡ ಅಂದರು. ದನಿ ಬಂತು. ಆದರೆ ಹೋದ ದನಿ ಬರಲಿಲ್ಲ. ಮೇಲಿನ ಸ್ವರಗಳಿಗೆ ಹೋದರೆ ದಾರ ಕಡಿದ ಹಾಗೆ ನಿಂತುಬಿಡುತ್ತಿತ್ತು. ಕೆಳಗೆ ಮಾತ್ರ ದಪ್ಪನೆಯ, ಸ್ವಲ್ಪ ತರಿಯಾದ ಹೊಸ ದನಿಯೊಂದು ಇತ್ತು. ಬಾವ ಯಾರಿಗೂ ಹೇಳದೆ ಕೀಬೋರ್ಡಿನ ಗುಂಡಿ ಒತ್ತಿ ಶ್ರುತಿಯನ್ನು ಎರಡು ಮನೆ, ಅಂದರೆ ಎರಡು ಸ್ವರದ ಮೆಟ್ಟಿಲು, ಕೆಳಗಿಳಿಸಿದರು, ಗುಂಡಿಯ ಪಕ್ಕ ಇಳಿಸಿದ ಅಂಕಿ ತೋರುವ ಜಾಗದ ಮೇಲೆ ಒಂದು ಕರವಸ್ತ್ರ ಮಡಚಿಟ್ಟರು. ನಾನು ನೋಡಿದೆ. ನೋಡಿದ್ದನ್ನು ಬಾವ ನೋಡಿದರು. ಆ ವಿಷಯ ಅಲ್ಲಿಗೇ ಮುಗಿಯಿತು.

ಷಡ್ಜ ಹಿಡಿಯಲು ಅಕ್ಕ ಬರುವುದೂ ನಿಂತಿತು. ನಾನು ಕರೆಯಲಿಲ್ಲ. ಹೇಗೆ ಕರೆಯುವುದು? ಕುಂಟುವವರಿಗೆ ಓಡಿ ಅಂದ ಹಾಗಾಗುತ್ತದೆ ಎಂದುಕೊಂಡೆ.

ಅಕ್ಕನ ಮನೆ ಇರುವುದು ಮೊಸಳೆ ಎಂಬ ಊರಿನ ಹತ್ತಿರ. ಅವರ ನಡುಮನೆಯಲ್ಲೇ ನಮ್ಮ ಪ್ರಾಕ್ಟೀಸು. ಆಪರೇಷನ್ ಆದ ಮೇಲೆ ಮೊದಲ ಸಲ ಕೂಡಿದ ದಿನವೇ ಗೊತ್ತಾಯಿತು, ನಾನು ಮೂರನೆಯ ಟಾಮ್ ಮುಟ್ಟಿದಾಗಲೆಲ್ಲ ಅಕ್ಕನ ಹಾಡಿನ ಮಾತು ಮುಳುಗುತ್ತಿತ್ತು. ಹೊಡೆತ ನಿಂತ ಮೇಲೂ ಅದರ 'ಗುಂಯ್' ನಿಲ್ಲದೆ ಅವಳ ದನಿಯ ಮೇಲೆ ಬಂದು ಕೂರುತ್ತಿತ್ತು. ಅಕ್ಕ ಬಿಸಿನೀರು ಕುಡಿದಳು, ಮತ್ತೆ ಹಾಡಿದಳು, ಮತ್ತೆ ಮುಳುಗಿದಳು. ಕೊನೆಗೆ ಮೈಕು ಕೆಳಗಿಟ್ಟು ಮೆತ್ತಗೆ ಹೇಳಿದಳು:

"ಚನ್ನರಾಯಪಟ್ಟಣದ ರಿಸೆಪ್ಷನ್ ಒಂದು ಒಪ್ಕೊಂಡ್ಬುಟ್ಟಿದೀವಿ. ಅದೊಂದು ಆಡಿ ನೋಡ್ತೀನಿ ಕಣೆ. ಅಲ್ಲೂ ಇಂಗೇ ಆದ್ರೆ ಇನ್ ಮ್ಯಾಕೆ ನಾನು ಸ್ಟೇಜ್ ಅತ್ತಾಕಿಲ್ಲ."

ಅಕ್ಕ ಹಾಗೆ ಹೇಳಿದ್ದನ್ನು ಮಾಡುವವಳು. ನನ್ನ ಹಾಗೆ ಕೂಗಾಡಿ ಮರೆಯುವವಳಲ್ಲ. ಹಾಡುವುದು ಬಿಟ್ಟರೆ ಅವಳು ಹೇಗೆ ಇರುತ್ತಾಳೆ ಎಂದು ನನಗೆ ಊಹಿಸಿಕೊಳ್ಳಲೂ ಆಗಲಿಲ್ಲ. ನಿಜವಾಗಿಯೂ ಹೆದರಿಕೆಯಾಯಿತು. ಅವಳು ಒಳಗೆ ಹೋದ ಮೇಲೆ ಬಾವ ರಿದಮ್ ಪ್ಯಾಡಿನ ಮಾತೆತ್ತಿದರು. ಅದಕ್ಕಾದರೆ ಒಂದು ಗುಂಡಿ ಒತ್ತಿದರೆ ಸಾಕು, ಬೇಕಾದ ಸದ್ದು ಬೇಕಾದಷ್ಟೇ ಬರುತ್ತದೆ. ನನಗೆ ಮೈಯೆಲ್ಲ ಉರಿಯಿತು. ತಪ್ಪು ಟಾಮ್ಸ್‌ದಲ್ಲ, ಹೆಡ್ ಹಳೆಯದಾಗಿದೆ, ಹೊಸದು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದು ವಾದಿಸಿ ಗೆದ್ದೆ. ವಾದದಲ್ಲಿ ಗೆಲ್ಲುವುದು ನನಗೆ ಕಷ್ಟವಲ್ಲ.

ಹಾಸನದ ಸಂಗೀತದ ಅಂಗಡಿಯಲ್ಲಿ ಮೂರು ತರಹದ ಹೆಡ್ ತೆಗೆದು ಮುಂದಿಟ್ಟರು. ಒಂದು ಗಾಜಿನ ಹಾಗೆ ತಿಳಿಯಾದದ್ದು, ನಮ್ಮಲ್ಲಿ ಇದ್ದದ್ದು ಅದೇ. ಸದ್ದು ಜಾಸ್ತಿ, ಗುಂಯ್‌ಗುಟ್ಟುವುದೂ ಜಾಸ್ತಿ. ಇನ್ನೊಂದು ಬಿಳಿಯದು, ಮೇಲೆ ಸುಣ್ಣ ಬಳಿದಂತೆ ತರಿತರಿ, ದನಿ ಸ್ವಲ್ಪ ಮೆದು. ಮತ್ತೊಂದು ಎರಡು ಪದರದ್ದು, ದಪ್ಪ, ಹೊಡೆದರೆ ದನಿ ಅಲ್ಲಲ್ಲೇ ನಿಲ್ಲುತ್ತದೆ. ಅಂಗಡಿಯವರು ಬಿಳಿಯದು ಸಾಕು ಅಂದರು. ತಳವಿಲ್ಲದ ಟಾಮ್ಸ್ ಎಂದರೆ ಹೆಡ್ಡೇ ಅದರ ಅರ್ಧ ದನಿ, ದಪ್ಪ ಹಾಕಿದರೆ ಜೀವ ಹೋಗುತ್ತದೆ ಎಂದೂ ಹೇಳಿದರು. ನಾನು ಕೇಳಬೇಕಲ್ಲ. ಗುಂಯ್ ಅನ್ನುವುದೇ ರೋಗವಾದರೆ ಅದನ್ನು ಬುಡಸಹಿತ ಕಿತ್ತುಬಿಡೋಣ ಎಂದು ನಾಲ್ಕಕ್ಕೂ ಎರಡು ಪದರದ್ದನ್ನೇ ತಂದೆ.

ಅವನ್ನು ಹಾಕಿಕೊಂಡು ಮೊದಲು ಹೋದದ್ದು ಅರಕಲಗೂಡಿಗೆ, ಒಬ್ಬ ಮೇಷ್ಟರ ನಿವೃತ್ತಿಯ ಸನ್ಮಾನಕ್ಕೆ. ಅಕ್ಕ ಅಲ್ಲಿ ಹಾಡಲಿಲ್ಲ, ನಿರೂಪಣೆ ಮಾತ್ರ ಮಾಡಿದಳು. ಗಂಡು ದನಿಯವರು ಎರಡು ಹಾಡು ಹಾಡುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟರ ಅಣ್ಣ, ಪಂಚೆ ಎತ್ತಿ ಕಟ್ಟಿದ ದೊಡ್ಡ ಮೀಸೆಯವರು, ಸ್ಟೇಜಿನ ಹತ್ತಿರ ಬಂದು ವಿಚಾರಿಸಿಕೊಂಡರು:

"ಏನವ್ವಾ, ಗೋಣಿಚೀಲ ಬಡಿದಂಗೆ ಕೇಳ್ತದಲ್ಲ, ಡ್ರಮ್ ಒಳಗೇನಾದ್ರೂ ತುಂಬ್ಕೊಂಡ್ ಬಂದಿದೀಯಾ?"

ಸುತ್ತಲಿದ್ದವರು ನಕ್ಕರು. ನನಗೆ ಕೋಲನ್ನು ಅಲ್ಲೇ ಬಿಸಾಕಿ ಬರುವಷ್ಟು ಅವಮಾನವಾಯಿತು. ಆದರೆ ಅವರು ಹೇಳಿದ್ದು ನಿಜ. ವಾಪಸ್ ಬರುವಾಗ ಟಾಮ್ಸ್ ಯಾಕೆ ಹಾಗಿತ್ತೆಂದು ಅಕ್ಕ ಕೇಳಿದಳು. ಹಳೆಯ ಹೆಡ್ಡು ಸವೆದಿತ್ತು, ಬದಲಾಯಿಸಿದೆ ಅಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದಳು.

ಆಮೇಲೆ ಹಾಸನಕ್ಕೆ ಮತ್ತೆ ಹೋಗಿ ಬಿಳಿಯ ಹೆಡ್ ತಂದೆ. ಅಂಗಡಿಯವರು ದೊಡ್ಡ ಮನುಷ್ಯರು, ಏನೂ ಅನ್ನದೆ ಕಟ್ಟಿಕೊಟ್ಟರು. ಟಾಮ್ಸ್ ಅನ್ನು ನನ್ನ ಹೊಲಿಗೆ ಅಂಗಡಿಯಲ್ಲೇ ಇಟ್ಟುಕೊಂಡು, ಬಿಡುವಾದಾಗಲೆಲ್ಲ ಸ್ಕ್ರೂ ತಿರುಗಿಸಿ ಬಡಿದು ನೋಡತೊಡಗಿದೆ. ಅಳತೆ ಕೊಡಲು ಬಂದವರು ಕಿವಿ ಮುಚ್ಚಿಕೊಂಡರು. ಚಿಕ್ಕ ಎರಡು ಬೇಗ ದಾರಿಗೆ ಬಂದವು. ದೊಡ್ಡದಕ್ಕೆ ಲೈನಿಂಗ್ ಬಟ್ಟೆಯ ಒಂದು ಪಟ್ಟಿಯನ್ನು ಅಂಚಿಗೆ ಅಂಟಿಸಿದೆ, ಅದೂ ಸುಮ್ಮನಾಯಿತು. ಮೂರನೆಯದು ಮಾತ್ರ ಜಗ್ಗಲಿಲ್ಲ. ಬಟ್ಟೆ ಹಾಕಿದೆ, ಟೇಪು ಹಾಕಿದೆ, ಬ್ಲೌಸಿನ ತೋಳಿಗೆ ಹಾಕುವ ಬಕ್ರಂ ಎಂಬ ಗಟ್ಟಿ ಬಟ್ಟೆ ಕತ್ತರಿಸಿ ಉಂಗುರದ ಹಾಗೆ ಕೂರಿಸಿದೆ. ಬಟ್ಟೆ ಜಾಸ್ತಿಯಾದರೆ ಗೋಣಿಚೀಲ, ಕಡಿಮೆಯಾದರೆ ಮತ್ತೆ ಅದೇ ಗುಂಯ್. ಮೊಸಳೆಗೆ ಒಯ್ದು ಬಾರಿಸಿದರೆ ಅಕ್ಕನ ಮಾತು ಮತ್ತೆ ಮುಳುಗುತ್ತಿತ್ತು. ಆ ಒಂದು ಡ್ರಮ್ಮಿನ ಮೇಲೆ ನನಗೆ ಮನುಷ್ಯರ ಮೇಲೆ ಬರುವಂಥ ದ್ವೇಷ ಬಂದುಬಿಟ್ಟಿತು.

ಕೊನೆಗೆ ಬಾವನೂ ನಾನೂ ಸೇರಿ ಒಂದು ಉಪಾಯ ಮಾಡಿದೆವು. ಚನ್ನರಾಯಪಟ್ಟಣದಲ್ಲಿ ಮೂರನೆಯದನ್ನು ಹೂಡುವುದೇ ಬೇಡ. ಮೂರರಲ್ಲೇ ಮುಗಿಸಿಬಿಡುವುದು. ಕೇಳಿದರೆ ಸ್ಟ್ಯಾಂಡಿನ ಆ ಕಡೆಯ ಕಂಬಿ ಮುರಿದಿದೆ ಅನ್ನುವುದು.

ಮದುವೆ ಚನ್ನರಾಯಪಟ್ಟಣದ ಒಂದು ಕಲ್ಯಾಣ ಮಂಟಪದಲ್ಲಿ. ಹುಡುಗಿಯ ಕಡೆಯವರು ಜೈನರು, ಕತ್ತಲಾಗುವ ಮೊದಲೇ ಊಟ ಮುಗಿಸುವವರು. ಅದಕ್ಕೇ ರಿಸೆಪ್ಷನ್ನೂ ಹಾಡೂ ಸಂಜೆಯ ಬೆಳಕಿನಲ್ಲೇ ಶುರುವಾಗಬೇಕಿತ್ತು. ನಾವು ಮಧ್ಯಾಹ್ನವೇ ಹೋಗಿ ಸಾಮಾನು ಇಳಿಸಿದೆವು. ಬಾವ ಕೀಬೋರ್ಡು ಹೂಡಿ, ಕರವಸ್ತ್ರ ಮಡಚಿ ಅದರ ಜಾಗದಲ್ಲಿಟ್ಟರು. ನಾನು ಮೂರು ಟಾಮ್ ನಿಲ್ಲಿಸಿದೆ. ನಡುವೆ ಬೋಳಾಗಿ ನಿಂತ ಸ್ಟ್ಯಾಂಡಿನ ಕಂಬಿಗೆ ಟವೆಲ್ ಸುತ್ತಿದೆ. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

ಅಕ್ಕ ಸೀರೆ ಬದಲಾಯಿಸಿಕೊಂಡು ಬಂದವಳು ನೇರ ಅಲ್ಲಿಗೇ ಬಂದು ನಿಂತಳು. ಮೂರನೆಯದು ಎಲ್ಲಿ ಎಂದಳು. ಸ್ಟ್ಯಾಂಡು ಎಂದು ನಾನು ಶುರು ಮಾಡಿದೆ. ಅವಳು ಟವೆಲ್ ಬಿಚ್ಚಿ, ಕಂಬಿಯನ್ನು ಅಲುಗಾಡಿಸಿ ನೋಡಿದಳು. ಗಟ್ಟಿಯಾಗಿತ್ತು. ಬಾವ ಇಲ್ಲದ ವೈರು ಹುಡುಕುವವರ ಹಾಗೆ ಬಗ್ಗಿಬಿಟ್ಟರು. ಹೋಗಿ ತಗೊಂಡು ಬಾ ಎಂದಳು ಅಕ್ಕ, ಸಿಟ್ಟಿಲ್ಲದೆ. ನಾನು ಹೋಗಿ ವ್ಯಾನಿನಿಂದ ತಂದೆ, ಹೂಡಿದೆ.

"ಒಡಿ" ಎಂದಳು.

ಹೊಡೆದೆ. ಗುಂಯ್ ಎಂದಿತು. ಅದು ಪೂರ್ತಿ ಆರುವವರೆಗೂ ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು.

"ಇದು ನನ್ ಅಳೇ 'ಸ' ಕಣೆ. ಯಾವ್ ಎಡ್ ಆಕುದ್ರೂ ಅದಕ್ಕೇ ತಂದ್ ನಿಲ್ಲಿಸ್ತಾ ಇದೀಯ. ನಾನ್ ಇಲ್ಲಿ ಕೆಳಗೆ ಆಡ್ತಾ ಇದೀನಿ, ಅದು ಅಲ್ಲಿ ಮೇಲೆ ಆಡ್ತದೆ."

ಅವಳು ಹೇಳಿದ್ದು ಸರಿ. ಷಡ್ಜ ಕೊಡುವವರಿಲ್ಲದೆ ನಾನು ಕಿವಿಯ ನೆನಪಿನಿಂದಲೇ ಬಿಗಿಯುತ್ತಿದ್ದೆ, ಕಿವಿಯಲ್ಲಿ ಇದ್ದದ್ದು ಹಳೆಯ ದನಿ. ಗಾಜಿನಂಥ ಹೆಡ್ಡಿಗೂ ಅದನ್ನೇ ಹುಡುಕಿದ್ದೆ, ಗೋಣಿಚೀಲದಂಥ ಹೆಡ್ಡಿಗೂ ಅದನ್ನೇ. ಬಾವ ಗುಂಡಿ ಒತ್ತಿ ಎರಡು ಮನೆ ಇಳಿಸಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕೈ ಇಳಿದಿರಲಿಲ್ಲ. ಅಷ್ಟೂ ದಿನ ಬಡಿದು ಬಡಿದು ನಾನು ಕೇಳಬಯಸಿದ್ದು ಆಪರೇಷನ್‌ಗೆ ಮುಂಚಿನ ಅಕ್ಕನನ್ನು.

"ಮೊದ್ಲೇ ಯಾಕೇಳಲಿಲ್ಲಕ್ಕ?" ಎಂದೆ.

"ನೀವಿಬ್ರೂ ನಂಗೊತ್ತಾಗ್ಬಾರ್ದು ಅಂತ ಅಷ್ಟು ಪಾಡು ಬೀಳ್ತಿದ್ರಿ. ಸುಮ್ಕಿದ್ದೆ." ಆಮೇಲೆ ಬಾವನ ಕಡೆಗೂ ಒಮ್ಮೆ ನೋಡಿ, "ನನ್ ಗಂಟ್ಲು ಓಗಿರಾದು ಕಣೆ, ಕಿವಿಯಲ್ಲ" ಎಂದಳು.

ಬಾವ ಎದ್ದು ನಿಂತರು. ಕೀಬೋರ್ಡಿನ ಮೇಲಿನ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಜೇಬಿಗೆ ಹಾಕಿಕೊಂಡರು.

ಅಷ್ಟರಲ್ಲಿ ಜನ ಬಂದು ಕೂರತೊಡಗಿದ್ದರು. ಅಕ್ಕ ಯಾರನ್ನೂ ಲೆಕ್ಕಿಸಲಿಲ್ಲ. ಮೂರನೆಯ ಟಾಮ್‌ನ ಪಕ್ಕ, ಮೊದಲು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಬಾಯಿ ಮುಚ್ಚಿಕೊಂಡು ಷಡ್ಜ ಹಿಡಿದಳು. ಅಷ್ಟು ಹತ್ತಿರದಿಂದ ಆ ಹೊಸ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಅಂಟಿಸಿದ್ದ ಬಟ್ಟೆ, ಟೇಪು, ಬಕ್ರಂ ಎಲ್ಲ ಕಿತ್ತೆಸೆದೆ. ಒಂದೊಂದೇ ಸ್ಕ್ರೂ ಸಡಿಲ ಮಾಡುತ್ತ ಬಂದೆ. ಡ್ರಮ್ಮು ಹಳೆಯ ಮನೆ ಬಿಟ್ಟು ಕೆಳಗಿಳಿಯಿತು, ಇನ್ನೂ ಇಳಿಯಿತು. ಒಂದು ಕಡೆ ಸಾಕೆನಿಸಿ ಕೈ ತೆಗೆದೆ. ಅಕ್ಕ ಷಡ್ಜ ಬಿಡದೆಯೇ ತಲೆಯಾಡಿಸಿ, ಇನ್ನೂ ಕೆಳಗೆ ಎಂದು ಬೆರಳು ತೋರಿಸಿದಳು. ಕೀಲಿ ತಿರುಗಿಸಲು ನನಗೆ ಮನಸ್ಸೇ ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಸ್ಕ್ರೂ ಸರಿಯಾಗಿ ಕಾಣುತ್ತಿರಲಿಲ್ಲ. ತಿರುಗಿಸಿದೆ. ಹೊಡೆದೆ. ಡ್ರಮ್ಮಿನ ದನಿ ಎಲ್ಲಿ ಮುಗಿಯಿತು, ಅವಳ ದನಿ ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ.

ಸರಿಯಾಯಿತಾ ಎಂದು ಅಕ್ಕ ಕೇಳಿದಳು. ಹೂಂ ಎಂದೆ. ಮಿಕ್ಕ ಮೂರನ್ನೂ ಬೇಗಬೇಗ ಅದರ ಅಳತೆಗೆ ಇಳಿಸಿದೆ.

ಅವಳು ಮುಂದೆ ಹೋಗಿ ಮೈಕು ಹಿಡಿದಳು. ಬಾವ ಶುರು ಮಾಡಿದರು, ನಾನು ಸೇರಿಕೊಂಡೆ. ಹಾಡು ಹಳೆಯದೇ, ದನಿ ಬೇರೆ. ಸೆರಗು ಸಿಕ್ಕಿಸಿಕೊಂಡು ನಾಲ್ಕೂ ಟಾಮನ್ನು ಎಂದಿನಂತೆ ಕೈ ತಡೆಹಿಡಿಯದೆ ಬಾರಿಸಿದೆ. ಊಟ ಮುಗಿಸಿ ಕೈ ತೊಳೆಯಲು ಹೋಗುತ್ತಿದ್ದವರು ಹಿಂದಿನ ಬಾಗಿಲ ಹತ್ತಿರ ಒಬ್ಬೊಬ್ಬರಾಗಿ ನಿಂತರು. ಅಷ್ಟು ದೂರಕ್ಕೂ ಅಕ್ಕನ ಹಾಡಿನ ಒಂದೊಂದು ಮಾತೂ ಮುಳುಗದೆ ಕೇಳುತ್ತಿತ್ತು.