ಶೆಡ್ಯೂಲ್ ಮಾಡಿಟ್ಟ ಕಳಲೆ ಸಾರು

ಸೈಟ್ ಬಿದ್ದುಹೋಗಬಹುದಿತ್ತು, ಪಾಸ್‌ವರ್ಡ್ ಮರೆತುಹೋಗಬಹುದಿತ್ತು, ಯಾರೋ ಹ್ಯಾಕ್ ಮಾಡಿ ನನ್ನ ಪತ್ರೊಡೆಯ ಜಾಗದಲ್ಲಿ ಚಪ್ಪಲಿ ಮಾರಬಹುದಿತ್ತು. ಅಡುಗೆ ಬ್ಲಾಗಿನಿಂದ ನಾಲ್ಕು ಕಾಸು ಕಾಣುವ ನಾನು ಇದಕ್ಕೆಲ್ಲ ಹೆದರಿ, ಬ್ಯಾಕಪ್ಪಿಗೂ ಬ್ಯಾಕಪ್ ಇಟ್ಟವಳು. ನಮ್ಮ ಆಲ್ದೂರಿನಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಅದಕ್ಕೇ ಮಳೆಗಾಲದ ಬರಹಗಳನ್ನೆಲ್ಲ ಬೇಸಿಗೆಯಲ್ಲೇ ಶೆಡ್ಯೂಲ್ ಮಾಡಿಬಿಡುತ್ತೇನೆ. ಗೊತ್ತುಮಾಡಿದ ದಿನ ತಾವಾಗಿಯೇ ಪ್ರಕಟವಾಗುತ್ತವೆ.

ಈ ಸಲ ಹಾಗೆ ಪ್ರಕಟವಾದದ್ದು ಅತ್ತಿಗುಂಡಿಯ ಗಿರಿಜಕ್ಕನನ್ನು ಕೇಳಿ ಬರೆದಿಟ್ಟಿದ್ದ ಕಳಲೆ ಸಾರು, ಎಳೆ ಬಿದಿರಿನದು. ‘ಅಕ್ಕ ಒಲೆ ಮುಂದೆಯೇ ಇದ್ದಾರೆ, ಏನು ಬೇಕಾದರೂ ಕೇಳಿ’ ಎಂದು ಕೊನೆಗೆ ಬರೆದಿದ್ದೆ. ಗಿರಿಜಕ್ಕ ಹಿಂದಿನ ವಾರವಷ್ಟೇ ತೀರಿಕೊಂಡಿದ್ದರು. ಮಣ್ಣಿಗೆ ಹೋಗಿ ಬಂದ ನನಗೆ ಆ ಬರಹದ ನೆನಪೇ ಆಗಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವರ ಮಗಳು ಸವಿತ ಎದುರಾದಳು. ಅಮ್ಮನ ಸಾರು ಬ್ಲಾಗಿನಲ್ಲಿ ಬಂದಿದೆ ಎಂದು ಅವಳು ಹೇಳಿದಾಗಲೇ ನನಗದು ನೆನಪಾದದ್ದು.

“ಇವತ್ತೇ ತೆಗೆದು ಹಾಕ್ತೀನಿ ಕಣೇ, ತಪ್ಪಾಯ್ತು.”

“ತೆಗಿಬೇಡಿ ಆಂಟಿ. ಮನೇಲಿ ಒಲೆ ಹಚ್ಚೋಕೆ ಕೈ ಬರ್ತಿಲ್ಲ, ನಿಮ್ ಬ್ಲಾಗಲ್ಲಾದ್ರೂ ಅಮ್ಮ ಒಲೆ ಮುಂದೆ ಇರ್ಲಿ. ಕಳಲೆ ನೀರು ಎಷ್ಟು ಸಲ ಬದಲಿಸ್ಬೇಕು ಅಂತ ಎಲ್ರೂ ಅಮ್ಮನ್ನೇ ಕೇಳ್ತಿದಾರೆ. ನಾನೂ ಕೆಳಗೆ ಬರ್ದೆ. ನಂದೊಂದು ಮಾತ್ರ ಕಾಣಿಸ್ತಾನೇ ಇಲ್ಲ.”

ಮನೆಗೆ ಬಂದು ಹುಡುಕಿದೆ. ಬೇಡದ ಕಮೆಂಟುಗಳನ್ನು ಸೋಸಲು ನಾನೇ ಹಾಕಿಕೊಂಡಿದ್ದ ಟೂಲ್ ಅದನ್ನು ಕಸಕ್ಕೆ ತಳ್ಳಿತ್ತು. ಒಂದೇ ಪದದ ಕಮೆಂಟನ್ನು ಅದು ನಂಬುವುದಿಲ್ಲ. ಅವಳು ಬರೆದದ್ದು ‘ಅಮ್ಮಾ’ ಅಂತ, ಅಷ್ಟೇ.