ಗ್ಯಾಸ್ ಕಂಪನಿಯ ರೇವತಿ

ಭಾಗಮ್ಮನ ಮಗಳು ರೇವತಿ ಕತಾರಿನ ಗ್ಯಾಸ್ ಕಂಪನಿಯಲ್ಲಿದ್ದಾಳೆ ಎಂದರೆ ಬಣಕಲ್ ಕಡೆಯ ಕಾಫಿ ಎಸ್ಟೇಟಿನ ಕೂಲಿ ಲೈನಿನವರ ಕಣ್ಮುಂದೆ ಬರುತ್ತಿದ್ದುದು ಅಡುಗೆ ಸಿಲಿಂಡರಿನ ಗಾಡಿ. ಸಿಲಿಂಡರ್ ತುಂಬುವುದೇನು ಘನಂದಾರಿ ಕೆಲಸ ಎಂದು ಮೂಗು ಮುರಿದವರೇ ಹೆಚ್ಚು. ಅವರ ಬಾಯಿ ಮುಚ್ಚಿಸುವ ಉಸಾಬರಿಗೆ ರೇವತಿ ಹೋಗಿರಲಿಲ್ಲ. ಡಿಪ್ಲೊಮಾ ಓದಿ, ಹೆಣ್ಣೆಂದು ಹಲವು ಕಡೆ ಬೇಡವೆನ್ನಿಸಿಕೊಂಡು, ಹಟ ಹಿಡಿದು ಗಿಟ್ಟಿಸಿದ ಕೆಲಸ ಅದು.

ಈ ಸಲ ರಜೆಗೆ ಬಂದಾಗ ಅಮ್ಮನ ಮಂಡಿ ಊದಿತ್ತು. ಕಾಫಿ ಹಣ್ಣು ಕುಯ್ಯುವ ಮಾತೇ ಇರಲಿಲ್ಲ. ಲೈನ್ ಮನೆಯ ಕಟ್ಟಳೆ ಎಲ್ಲರಿಗೂ ಗೊತ್ತು: ಮನೆಯಿಂದ ಒಂದು ಆಳಾದರೂ ತೋಟಕ್ಕೆ ಇಳಿಯಬೇಕು, ಇಲ್ಲವೇ ಮನೆ ಬಿಡಬೇಕು. ರೇವತಿ ಬಣಕಲ್ಲಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಭಾಗಮ್ಮ ಮಾತ್ರ ಗಂಡ ಬಾಳಿದ ಮನೆ ಬಿಟ್ಟು ಬರುವುದಿಲ್ಲವೆಂದು ಕೂತಿದ್ದಳು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಉಮೇಶ್ ಬಂದು ಜಗಲಿಯಲ್ಲಿ ಕೂತ.

"ಧಣಿಗಳು ದೊಡ್ಡ ಮನಸ್ಸು ಮಾಡಿದ್ದಾರೆ ಭಾಗಮ್ಮ. ರೇವತಿ ಇಲ್ಲೇ ಇದ್ದು ಕುಯ್ಲಿಗೆ ಬರ್ಲಿ, ಮನೆ ನಿಮ್ಮ ಹತ್ರನೇ ಇರ್ತದೆ. ಸಿಲಿಂಡರ್ ತುಂಬೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?"

ರೇವತಿಗೆ ಸಿಟ್ಟು ನೆತ್ತಿಗೇರಿತು.

"ಸಿಲಿಂಡರ್ ಅಲ್ಲ ಉಮೇಶಣ್ಣ, ಹೀಲಿಯಂ. ನೆಲದಡಿಯಿಂದ ಬರೋ ಗ್ಯಾಸಲ್ಲಿ ಅದು ಚೂರೇ ಚೂರು ಇರ್ತದೆ. ತಣ್ಣಗೆ ಮಾಡ್ತಾ ಮಾಡ್ತಾ ಹೋದ್ರೆ ಉಳಿದ ಗ್ಯಾಸೆಲ್ಲ ನೀರಿನ ಹಂಗಾಗಿ ಕೆಳಗೆ ಇಳೀತದೆ. ಹೀಲಿಯಂ ಮಾತ್ರ ಜಪ್ಪಯ್ಯ ಅಂದ್ರೂ ಇಳಿಯಲ್ಲ. ಅದನ್ನ ಇದ್ದಿಲಿನ ಮೂಲಕ ಹಾಯ್ಸಿ, ಇದ್ದಬದ್ದ ಕೊಳೆ ತೆಗ್ದು ಕಳಿಸ್ತೀವಿ. ಆಸ್ಪತ್ರೇಲಿ ದೊಡ್ಡ ಸ್ಕ್ಯಾನಿಂಗ್ ಮೆಷಿನ್‌ಗೆ ಅದು ಬೇಕು. ಆ ಪ್ಲಾಂಟ್ ನಡ್ಸೋಳು ನಾನು. ಕುಯ್ಲಿಗೆ ಬರಲ್ಲ."

"ಸರಿ ಮಾರಾಯ್ತಿ, ಹಂಗಾದ್ರೆ ಅಮ್ಮನ್ನ ಬೀದಿಗೆ ಹಾಕಿ ಹೋಗು," ಎಂದ ಉಮೇಶ್.

ಆ ಮಾತು ನಾಟಿತು. ಅಮ್ಮ ಈಗ ಕಣ್ಣೀರು ಹಾಕಿದರೆ ತಾನು ವಿಮಾನ ಹತ್ತುವುದಿಲ್ಲ ಎಂದು ರೇವತಿಗೆ ಗೊತ್ತಿತ್ತು, ಅದಕ್ಕೇ ಅಮ್ಮನತ್ತ ನೋಡಲು ಹೆದರಿದಳು.

ಭಾಗಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಹೊರಬಂದಾಗ ಕಂಕುಳಲ್ಲಿ ಗಂಡನ ಫೋಟೊ ಇತ್ತು. ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿ ಉಮೇಶನ ಪಕ್ಕದಲ್ಲಿಟ್ಟಳು.

"ನಮ್ಮತ್ತೆ ಇಲ್ಲೇ ಕುಯ್ದ್ರು, ನಾನೂ ಕುಯ್ದೆ. ಇವಳು ಕುಯ್ಯಲ್ಲ ಅಂತ ಧಣಿಗಳಿಗೆ ಹೇಳಿ ರೈಟರೇ."

ಉಮೇಶ್ ಬೀಗದ ಕೈ ಮುಟ್ಟಲಿಲ್ಲ. ಭಾಗಮ್ಮ ಆಗಲೇ ಕುಂಟುತ್ತ ಅಂಗಳಕ್ಕೆ ಇಳಿದಿದ್ದಳು.

"ನಡಿ ಮಗಾ," ಎಂದಳು, "ಬಣಕಲ್ ಬಸ್ಸು ತಪ್ಪೋಗ್ತದೆ."